ಹೊಸಕೋಟೆ ದಾಟಿದರೆ ಚಿನ್ನದ ದಾರಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಭಾನುವಾರ ನಸುಕಿನಲ್ಲಿ ಬೈಕೋ ಕಾರೋ ಹೊರಟಿತೆಂದರೆ ಅದು ನಂದಿ ಬೆಟ್ಟಕ್ಕೇ ಎಂಬಂತಾಗಿಬಿಟ್ಟಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ರಸ್ತೆಗಳೆಲ್ಲ ಅತ್ತಲೇ ಮುಖ ಮಾಡಿರುತ್ತವೆ. ಅದೇ ಹೊತ್ತಿಗೆ ಹೊಸಕೋಟೆಯಿಂದ ಮೂಡಣ ದಿಕ್ಕಿಗೆ ಹೊರಟವರಿಗೆ ಸುಮಾರು ಎಪ್ಪತ್ತೈದು ಕಿಲೋಮೀಟರ್ ದೂರದಲ್ಲಿ ಇನ್ನೊಂದು ನಂದಿ ಸಿಗುತ್ತದೆ. ಕೋಲಾರ ಚಿನ್ನದ ಗಣಿ ಪ್ರದೇಶದ, ಅಂದರೆ ಕೆಜಿಎಫ್‌ನ, ಒಂದು ಗಣಿಗೆ ಬ್ರಿಟಿಷರು ಇಟ್ಟ ಹೆಸರು ನಂದಿದುರ್ಗ. ಅದರ ನೆರೆಯ ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಇಳಿದದ್ದು 3.2 ಕಿಲೋಮೀಟರ್. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿಯ ಮೇಲೆ ಇನ್ನೊಂದು ನಂದಿಯನ್ನು ಪೇರಿಸಿದರೂ ಆ ಆಳ ತುಂಬುವುದಿಲ್ಲ.

ಈ ದಾರಿಯಲ್ಲಿ ನಮ್ಮ ಕಡೆಯವರು ಒಮ್ಮೆಯಾದರೂ ಹೋಗಿಬರಬೇಕು ಎಂದು ನಾನು ಹೇಳುವುದು ಬರೀ ನೋಟಕ್ಕಾಗಿ ಅಲ್ಲ. ನೋಟವಂತೂ ಧಾರಾಳವಾಗಿದೆ. ಆದರೆ ಹಳೇ ಮೈಸೂರು ಸಂಸ್ಥಾನವನ್ನು ಕಟ್ಟಿದ ಹಣದಲ್ಲಿ, ನಾಡಿಗೆ ಮೊದಲು ಬಂದ ವಿದ್ಯುತ್ತಿನಲ್ಲಿ, ಈಗ ಬೆಂಗಳೂರನ್ನು ನಡೆಸುತ್ತಿರುವ ದುಡಿಮೆಯಲ್ಲಿ ಈ ಊರಿನ ಪಾಲಿದೆ. ಆ ಪಾಲಿನ ಲೆಕ್ಕವನ್ನು ನಾವು ಇನ್ನೂ ಚುಕ್ತಾ ಮಾಡಿಲ್ಲ.

ಹೊಸಕೋಟೆಯಲ್ಲಿ ಬೆಳಗಿನ ಬಿರಿಯಾನಿಗೆ ನಿಂತ ಸಾಲನ್ನು ದಾಟಿದರೆ ಎರಡು ದಾರಿ. ಒಂದು ಹಳೇ ಮದ್ರಾಸ್ ರಸ್ತೆ, ಈಗಿನ ರಾಷ್ಟ್ರೀಯ ಹೆದ್ದಾರಿ 75. ಇನ್ನೊಂದು ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ. ಇದರ ಒಟ್ಟು ಉದ್ದ 262 ಕಿಲೋಮೀಟರ್. ನಮ್ಮ ರಾಜ್ಯದೊಳಗಿನ ಹೊಸಕೋಟೆ–ಬೇತಮಂಗಲ ನಡುವಿನ 71 ಕಿಲೋಮೀಟರಿನಲ್ಲಿ 2024ರ ಕೊನೆಯಿಂದ ವಾಹನಗಳು ಓಡಾಡುತ್ತಿವೆ. ಹೋಗುವಾಗ ಹಳೇ ರಸ್ತೆ, ಬರುವಾಗ ಹೊಸ ರಸ್ತೆ ಹಿಡಿಯುವುದು ಒಳ್ಳೆಯದು. ಹೊಸ ರಸ್ತೆ ಊರುಗಳನ್ನು ಮುಟ್ಟದೆ ಹೋಗುತ್ತದೆ. ಈ ಪ್ರಯಾಣದಲ್ಲಿ ಊರುಗಳೇ ಮುಖ್ಯ. ದೇವನಹಳ್ಳಿ ಕಡೆಯವರು ಹೊಸಕೋಟೆಗೆ ಬರಬೇಕೆಂದಿಲ್ಲ. ವಿಜಯಪುರ, ಎಚ್. ಕ್ರಾಸ್, ವೇಮಗಲ್ ಮೇಲೆ ನೇರ ಕೋಲಾರಕ್ಕೆ ಇಳಿಯಬಹುದು. ರೇಷ್ಮೆ ಸೀಮೆಯ ನಡುವಿನ ಆ ದಾರಿ ಹೆದ್ದಾರಿಗಿಂತ ಚೆಂದ.

ಇದು ಮರಳುಗಾಡಲ್ಲ, ಬಯಲುಸೀಮೆ. ವರ್ಷಕ್ಕೆ ಏಳುನೂರು ಮಿಲಿಮೀಟರಿನ ಆಚೀಚೆ ಮಳೆ, ಅದೂ ತನಗೆ ಬೇಕಾದಾಗ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ನಂದಿ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆಯ ದೊಡ್ಡ ಕೆರೆ ತುಂಬಿಸಿ ತಮಿಳುನಾಡಿಗೆ ಹೋಗುತ್ತದೆ. ಪಾಲಾರ್ ಕೋಲಾರ ಸೀಮೆ ಹಾದು ಅತ್ತಲೇ ಸಾಗುತ್ತದೆ. ಹೀಗಾಗಿ ಇಲ್ಲಿನ ಹಿರಿಯರು ಬಿದ್ದ ನೀರನ್ನು ಬಿದ್ದಲ್ಲೇ ಹಿಡಿದರು. ಕೋಲಾರ ಜಿಲ್ಲೆಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಸರಪಳಿ ಹೆಣೆದಿದ್ದಾರೆ. ಆ ಸರಪಳಿ ಕಡಿದುಹೋದ ಮೇಲೆ ನೀಲಗಿರಿ ತೋಪು ಬಂತು, ಬೋರ್‌ವೆಲ್ ಬಂತು. ನೀರಿಗಾಗಿ ಸಾವಿರ ಅಡಿ ದಾಟಿ ಕೊರೆದು, ದೂಳು ಮಾತ್ರ ಮೇಲೆ ಬಂದದ್ದನ್ನು ಕಂಡ ಮನೆಗಳು ಈ ರಸ್ತೆಯ ಎರಡೂ ಬದಿಗೆ ಬೇಕಾದಷ್ಟಿವೆ.

ಇಷ್ಟಾಗಿಯೂ ಈ ನೆಲ ಸೊರಗಿ ಕೂತದ್ದಲ್ಲ. ತಾವರೆಕೆರೆ ಕಳೆದು ನರಸಾಪುರದತ್ತ ಸಾಗಿದಂತೆ ರಾಗಿ ಹೊಲ, ಹಿಪ್ಪುನೇರಳೆ, ಮಾವಿನ ತೋಪು, ಕೋಲು ನೆಟ್ಟು ದಾರ ಎಳೆದ ಟೊಮೆಟೊ ಸಾಲು, ನಡುನಡುವೆ ಯಾರೋ ಎತ್ತಿಟ್ಟು ಮರೆತಂತೆ ಉಳಿದ ಗುಂಡುಬಂಡೆಗಳು. ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಸ್ಕೂಟರೂ ತಯಾರಾಗುತ್ತದೆ, ಐಫೋನೂ ತಯಾರಾಗುತ್ತದೆ. ಅಲ್ಲೇ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ 2018ರ ಜೂನ್‌ನಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿ ಬಂದು ಬಿತ್ತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಈ ಯೋಜನೆಯನ್ನು ಜನ ಕೆ.ಸಿ. ವ್ಯಾಲಿ ನೀರು ಎನ್ನುತ್ತಾರೆ. ಅದರಿಂದ ಅಂತರ್ಜಲ ಏರಿದ್ದು ನಿಜ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕೆಂದು ರೈತ ಹೋರಾಟಗಾರರು ಪಟ್ಟು ಹಿಡಿದಿರುವುದೂ ನ್ಯಾಯ. ರಾಜಧಾನಿ ಬಳಸಿ ಬಿಟ್ಟ ನೀರು ಕುಡಿಯುವ ನೆಲಕ್ಕೆ ಹೋಗುವಾಗ ಅಷ್ಟು ಕಾಳಜಿ ಬೇಡವೇ?

ಕೋಲಾರ ಪಟ್ಟಣದಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಬಿಡುವುದು ನಿಮಗೆ ಬಿಟ್ಟದ್ದು. ಗಂಗರ ಕುವಲಾಲಪುರ ಇದೇ. ತಲಕಾಡಿಗೆ ಹೋಗುವ ಮುನ್ನ ಅವರು ಆಳಿದ್ದು ಇಲ್ಲಿಂದ. ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಾಲಯ, ಶತಶೃಂಗ ಬೆಟ್ಟದ ಅಂತರಗಂಗೆ, ಬೆಳಗಿನ ಟೊಮೆಟೊ ಮಾರುಕಟ್ಟೆಯ ಗದ್ದಲ, ಇವಕ್ಕೇ ಒಂದು ದಿನ ಬೇಕು. ಇಲ್ಲಿಂದ ತೆಂಕಣಕ್ಕೆ ತಿರುಗಿದರೆ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಹೆಸರಿನಲ್ಲಿ ಮೊದಲು ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರು. ಇಲ್ಲಿನ ಪಾನಿಪುರಿಯ ನೀರು ತಿಳಿಯಾಗಿ ಬಣ್ಣವಿಲ್ಲದೆ ಇರುತ್ತದೆ, ಖಾರ ಮಾತ್ರ ನೆತ್ತಿಗೇರುತ್ತದೆ. ತಿನ್ನದೆ ಮುಂದೆ ಹೋಗಬೇಡಿ.

ಬಂಗಾರಪೇಟೆಯಿಂದ ಗಣಿಗೆ 1894ರಲ್ಲೇ ರೈಲು ಹಳಿ ಬಿತ್ತು. ಆ ಹತ್ತು ಮೈಲಿಯ ನಿಲ್ದಾಣಗಳ ಹೆಸರು ಓದುತ್ತ ಹೋದರೆ ಗಣಿಯ ಚರಿತ್ರೆಯನ್ನೇ ಓದಿದಂತೆ: ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ರಸ್ತೆಯೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಸಾಗುತ್ತದೆ. ಬೆಮೆಲ್ ಕಾರ್ಖಾನೆಯ ಬಡಾವಣೆ ದಾಟುತ್ತಿದ್ದಂತೆ ದಿಗಂತದಲ್ಲಿ ಬೆಟ್ಟವೂ ಅಲ್ಲದ ಬಯಲೂ ಅಲ್ಲದ ಬೂದುಬಿಳಿ ಸಾಲೊಂದು ಏಳುತ್ತದೆ. ಇಲ್ಲಿನವರು ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ.

ಹತ್ತಿರದಿಂದ ಕಂಡವರಿಗೆ ಅದರ ಗುಣ ಗೊತ್ತು. ಮೇಲ್ಮೈ ಒಣಗಿದಾಗ ತೆಳ್ಳನೆಯ ಹೆಪ್ಪು ಕಟ್ಟಿರುತ್ತದೆ, ಬೆರಳಲ್ಲಿ ಒತ್ತಿದರೆ ಮುರಿದು ಅದರಡಿಯಿಂದ ಮೈದಾ ಹಿಟ್ಟಿನಷ್ಟು ನುಣುಪಾದ ಪುಡಿ ಸುರಿಯುತ್ತದೆ. ನೂರು ವರ್ಷಗಳ ಮಳೆ ಅದರ ಪಕ್ಕೆಗಳನ್ನು ಆಳುದ್ದ ಕೊರಕಲಾಗಿ ಸೀಳಿದೆ. ಕೊರಕಲಿನ ಗೋಡೆಯಲ್ಲಿ ಬಿಳಿ, ಬೂದು, ಮಾಸಲು ಹಳದಿ, ತುಕ್ಕಿನ ಕೆಂಪು ಪದರಗಳು ಒಂದರ ಮೇಲೊಂದು. ಬುಡದಲ್ಲಿ ಜಾಲಿ ಇದೆ, ಮೇಲೆ ಹುಲ್ಲು ಕೂಡ ವಿರಳ. ಬಿರುಬೇಸಿಗೆಯ ಮಧ್ಯಾಹ್ನ ಗಾಳಿ ಎದ್ದಿತೆಂದರೆ ಈ ಪುಡಿ ಇಡಿಯಾಗಿ ಎದ್ದು ಊರಿನ ಮೇಲೆ ಹೋಗುತ್ತದೆ. ಕಿಟಕಿ ಮುಚ್ಚಿದರೂ ಬಟ್ಟೆಯ ಮೇಲೆ, ತಟ್ಟೆಯ ಮೇಲೆ, ಮಗುವಿನ ತೊಟ್ಟಿಲ ಮೇಲೆ ಕೂರುತ್ತದೆ. ನಮ್ಮಲ್ಲಿ ಮರುಭೂಮಿ ಇಲ್ಲ ಎನ್ನುವವರು ಆ ಹೊತ್ತಿನಲ್ಲಿ ಇಲ್ಲಿ ನಿಲ್ಲಬೇಕು. ಈ ಮರುಭೂಮಿಯನ್ನು ಮನುಷ್ಯರೇ ಅರೆದು ಮಾಡಿದ್ದು.

ಹೇಗೆ ಅರೆದರು? ಆಳದಿಂದ ತಂದ ಬೆಣಚುಕಲ್ಲಿನ ಅದಿರನ್ನು ಮಿಲ್ಲಿನ ಉಕ್ಕಿನ ಒನಕೆಗಳು ಹಗಲಿರುಳು ಕುಟ್ಟಿ ಪುಡಿ ಮಾಡುತ್ತಿದ್ದವು. ಆ ಪುಡಿಯನ್ನು ನೀರಿನೊಂದಿಗೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸಿದರೆ ಚಿನ್ನದ ಬಹುಪಾಲು ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು. ಅಂಟದೆ ಉಳಿದ ಸಣ್ಣ ಕಣಗಳಿಗೆ ಸೈನೈಡ್. 1887ರಲ್ಲಿ ಗ್ಲಾಸ್ಗೋದಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ಸೈನೈಡ್ ದ್ರಾವಣ ಚಿನ್ನವನ್ನು ಕರಗಿಸಿಕೊಳ್ಳುತ್ತದೆ, ಸತುವಿನ ಪುಡಿ ಅದನ್ನು ಮತ್ತೆ ಗಟ್ಟಿಯಾಗಿಸಿ ಕೊಡುತ್ತದೆ. ಎಲ್ಲ ಮುಗಿದ ಮೇಲೆ ಉಳಿದ ರಾಡಿಯನ್ನು ಊರ ಪಕ್ಕ ಸುರಿದರು. ಬಿಸಿಲಿಗೆ ಸೈನೈಡ್ ಬಹುಮಟ್ಟಿಗೆ ಕೆಟ್ಟು ಹೋಗುತ್ತದೆ; ಸಿಲಿಕಾ ದೂಳು ಎಲ್ಲಿಗೂ ಹೋಗುವುದಿಲ್ಲ. 13 ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿ ಬಿದ್ದಿದೆ. ಅದರ ಬದಲಿಗೆ ನೂರಿಪ್ಪತ್ತು ವರ್ಷಗಳಲ್ಲಿ ಹೊರಗೆ ಹೋದ ಚಿನ್ನ ಸುಮಾರು 800 ಟನ್.

ಆ ಚಿನ್ನ ಇಲ್ಲಿಗೆ ಬಂದದ್ದು 270 ಕೋಟಿ ವರ್ಷಗಳ ಹಿಂದೆ. ಉತ್ತರ ದಕ್ಷಿಣವಾಗಿ ಎಂಬತ್ತು ಕಿಲೋಮೀಟರ್ ಉದ್ದ, ಕೆಲವೇ ಕಿಲೋಮೀಟರ್ ಅಗಲ ಚಾಚಿರುವ ಹಳೆಯ ಲಾವಾದ ಪಟ್ಟಿಯಿದು. ಅದರ ಬಿರುಕುಗಳಲ್ಲಿ ಬಿಸಿನೀರು ಏರಿ ಬೆಣಚಿನ ಜೊತೆ ಚಿನ್ನವನ್ನು ಇಳಿಸಿ ಹೋಯಿತು. ಆ ಕಾಲದ ಜ್ವಾಲಾಮುಖಿ ಬಂಡೆಗಳನ್ನು ಹತ್ತಿರದ ಪೆದ್ದಪಲ್ಲಿಯಲ್ಲಿ ಈಗಲೂ ಕಾಣಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ಗಣಿಯ ಕಥೆ ಹೇಳುವವರು ಸಾಮಾನ್ಯವಾಗಿ ಇಬ್ಬರು ಬಿಳಿಯರಿಂದ ಶುರು ಮಾಡುತ್ತಾರೆ. 1802ರಲ್ಲಿ ಮೈಸೂರಿನ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್, ಚಿನ್ನ ತೋರಿಸಿದವರಿಗೆ ಬಹುಮಾನ ಎಂದ. ಹಳ್ಳಿಯವರು ಮಣ್ಣು ತಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೆಗೆದು ತೋರಿಸಿದರು. ವಾರೆನ್ ಬರೆದಿಟ್ಟದ್ದನ್ನು ಸುಮಾರು ಎಪ್ಪತ್ತು ವರ್ಷಗಳ ನಂತರ ಓದಿದವನು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್. ನ್ಯೂಜಿಲೆಂಡಿನ ಯುದ್ಧ ಮುಗಿಸಿ ಬೆಂಗಳೂರು ದಂಡಿನಲ್ಲಿ ನೆಲೆಸಿದ್ದ ಐರಿಷ್ ಸಿಪಾಯಿ. 1871ರಲ್ಲಿ ಎತ್ತಿನ ಗಾಡಿಯಲ್ಲಿ ಈಗ ನಾವು ಹೋಗುವ ಸೀಮೆಯನ್ನೇ ಹಾದು ಬಂದ, 1875ರಲ್ಲಿ ಪರವಾನಗಿ ಪಡೆದ, ಹಣ ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನದೇ ಹೆಸರಿನದು. ಮುಂದೆ 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈ ಹಾಕಿತು. ಮೊದಲ ವರ್ಷಗಳು ಬರೀ ನಷ್ಟ. ಷೇರುದಾರರು ಕೈಚೆಲ್ಲುವ ಹಂತದಲ್ಲಿ ಪ್ಲಮ್ಮರ್ ಎಂಬ ಗಣಿ ಕ್ಯಾಪ್ಟನ್ ಕೊನೆಯ ಪ್ರಯತ್ನವಾಗಿ ಹಳೆಯ ನಾಡ ಗುಂಡಿಗಳ ಕೆಳಗೇ ಅಗೆಸಿದ. ಅಲ್ಲಿ ಸಿಕ್ಕಿದ್ದು ಚಾಂಪಿಯನ್ ಲೋಡ್, ಲೋಕದ ಶ್ರೀಮಂತ ಚಿನ್ನದ ಎಳೆಗಳಲ್ಲೊಂದು.

ಇಲ್ಲಿ ನಾನು ಗಮನ ಸೆಳೆಯಬೇಕಾದದ್ದು ಆ ಹಳೆಯ ಗುಂಡಿಗಳ ಕಡೆಗೆ. ಯಾವ ಕಾಲದಲ್ಲೋ ಈ ಸೀಮೆಯ ಜನ ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರು ಸುರಿದು ಸೀಳಿ, ನೂರಾರು ಅಡಿ ಇಳಿದಿದ್ದರು. ಕಂಪನಿಗೆ ದಾರಿ ತೋರಿದ್ದು ಅವರ ಗುಂಡಿಗಳು, ವಾರೆನ್‌ಗೆ ದಾರಿ ತೋರಿದ್ದು ಅವರ ಮಕ್ಕಳು ಮೊಮ್ಮಕ್ಕಳು. ಊರಿನ ರಸ್ತೆ, ಪೇಟೆ, ಗಣಿಗೆ ಇಳಿಯುವ ಶಾಫ್ಟುಗಳಿಗೆಲ್ಲ ಹೆಸರಾಗಿ ಉಳಿದದ್ದು ರಾಬರ್ಟ್‌ಸನ್, ಆಂಡರ್ಸನ್, ಗಿಫರ್ಡ್, ಎಡ್ಗರ್.

ಅದಿರು ಸಿಕ್ಕಿತು, ಆಳ ಹೆಚ್ಚಿತು, ಹಬೆ ಯಂತ್ರಗಳಿಗೆ ಸೌದೆ, ಕಲ್ಲಿದ್ದಲು ತಂದು ಪೂರೈಸದಾಯಿತು. ಆಗ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿಸಿತು. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಕರೆಂಟು ಗಣಿಗೆ ಬಂತು. ಅಷ್ಟು ದೂರಕ್ಕೆ ವಿದ್ಯುತ್ ಸಾಗಿಸಿದ ಉದಾಹರಣೆ ಆಗ ಲೋಕದಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಮೂರು ವರ್ಷ ಮೊದಲೇ ಬೆಳಗಿದ ಊರು ಇದು. ಬಾಯಾರಿಕೆಗೆ ಪಾಲಾರ್ ಮೇಲಿನ ಬೇತಮಂಗಲ ಕೆರೆಯಿಂದ ನೀರು ಶುದ್ಧ ಮಾಡಿ ಕೊಳವೆಯಲ್ಲಿ ತಂದರು. ಒಂದು ಬಿಲಕ್ಕಾಗಿ ಕಾವೇರಿ ತನ್ನ ಶಕ್ತಿ ಕೊಟ್ಟಿತು, ಪಾಲಾರ್ ತನ್ನ ನೀರು ಕೊಟ್ಟಿತು. ಸಂಸ್ಥಾನಕ್ಕೆ ಬಂದದ್ದು ಚಿನ್ನದ ಬೆಲೆಯ ಶೇಕಡಾ 5ರಷ್ಟು ರಾಯಲ್ಟಿ. ಆ ಐದೇ ಪಾಲು ಮೈಸೂರಿನ ಬೊಕ್ಕಸಕ್ಕೆ ದಶಕಗಳ ಕಾಲ ಆಧಾರವಾಯಿತು ಎಂದರೆ ಉಳಿದ ಪಾಲು ಎಷ್ಟಿತ್ತೆಂದು ಊಹಿಸಿ.

ಬಿಲಕ್ಕೆ ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಬಂದ ತಮಿಳು ದಲಿತರು. ಜಮೀನ್ದಾರರ ಹೊಲದ ಜೀತಕ್ಕಿಂತ ಪಾತಾಳವೇ ಮೇಲು ಎಂದು ಬಂದವರು. ಅವರ ಜೊತೆ ತೆಲುಗರು, ಕನ್ನಡಿಗರು; ಮೇಲ್ವಿಚಾರಣೆಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಾರರು, ಆಂಗ್ಲೋ ಇಂಡಿಯನ್ನರು; ಕಾವಲಿಗೆ ಪಂಜಾಬಿಗಳು. ಕೇಜಿನಲ್ಲಿ ನಿಂತು ಇಳಿದರೆ ಕೆಳಗೆ ಬಂಡೆಯ ಬಿಸಿಯೇ ಅರವತ್ತು ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿಂದ ತಂಪು ಮಾಡಿದ ಗಾಳಿ ಊದದೆ ಅಲ್ಲಿ ಮನುಷ್ಯ ನಿಲ್ಲುವಂತಿರಲಿಲ್ಲ. ಬಿಸಿಗಿಂತ ದೊಡ್ಡ ಭಯ ಬಂಡೆ ಸಿಡಿತ. ಎರಡು ಮೂರು ಕಿಲೋಮೀಟರ್ ಬಂಡೆಯ ಭಾರ ಹೊತ್ತ ಕಲ್ಲನ್ನು ಮಧ್ಯದಿಂದ ತೆಗೆಯುತ್ತ ಹೋದರೆ ಉಳಿದ ಕಲ್ಲು ಒಂದು ಗಳಿಗೆಯಲ್ಲಿ ಒತ್ತಡ ತಾಳದೆ ಸಿಡಿಯುತ್ತದೆ. ಮುನ್ಸೂಚನೆ ಇಲ್ಲ, ತಪ್ಪಿಸಿಕೊಳ್ಳಲು ಜಾಗವಿಲ್ಲ. ಮೇಲೆ ಊರಿನಲ್ಲಿ ಪಾತ್ರೆ ಅಲುಗಿದರೆ ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. ಗಣಿ ಮುಚ್ಚಿ, ಒಳಗೆ ನೀರು ತುಂಬಿದ ಮೇಲೂ ನೆಲ ಆಗಾಗ ಕಂಪಿಸಿದ್ದುಂಟು. ದೇಶದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ.

ಸಿಡಿತಕ್ಕೆ ಸಿಕ್ಕದವರನ್ನು ದೂಳು ಹಿಡಿಯಿತು. 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡಾ 43ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಬೆಣಚಿನ ಪುಡಿ ಶ್ವಾಸಕೋಶದಲ್ಲಿ ಕೂತು ಅದನ್ನು ಗಟ್ಟಿ ಮಾಡುವ ಈ ಕಾಯಿಲೆಗೆ ಈಗಲೂ ಗುಣಪಡಿಸುವ ಔಷಧಿ ಇಲ್ಲ. ಈ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಊರಿನ ಬಂಗಲೆಗಳನ್ನು ನೋಡಬೇಕು.

ಬಂಗಲೆಗಳು ಈಗಲೂ ಇವೆ. ಅಗಲವಾದ ಜಗಲಿ, ಇಳಿಜಾರು ಮಾಡು, ಮುಂದೆ ಬಾಡಿದ ತೋಟ. ಕ್ಲಬ್ಬು, ಗಾಲ್ಫ್ ಮೈದಾನ, ಊರಿಗಾಂ ಮತ್ತು ಚಾಂಪಿಯನ್ ರೀಫ್ಸ್‌ನ ಚರ್ಚುಗಳು. ಪುಟ್ಟ ಇಂಗ್ಲೆಂಡ್ ಎಂದು ಸಾಹೇಬರು ಕರೆದುಕೊಂಡದ್ದು ಇದನ್ನೇ. ಅಲ್ಲಿಂದ ಕೂಗಳತೆಯಲ್ಲಿ ಲೈನುಗಳು: ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಸಾಲಾಗಿ ಅಂಟಿಸಿ ಕಟ್ಟಿದ ಒಂದು ಕೋಣೆಯ ಮನೆ, ಮುಂದೆ ಮೂರು ನಾಲ್ಕು ಜನ ಕೂರುವಷ್ಟು ಜಾಗ. ಎರಡು ಮೂರು ತಲೆಮಾರು ಆ ಒಂದೊಂದು ಕೋಣೆಯಲ್ಲಿ ಬಾಳಿತು.

ಆದರೆ ಲೈನಿನ ಬದುಕು ಬರೀ ಗೋಳಲ್ಲ. 1907ರಲ್ಲೇ ಮಾರಿಕುಪ್ಪಂನಲ್ಲಿ ದಲಿತ ಕಾರ್ಮಿಕರು ಬೌದ್ಧ ಸಂಘ ಕಟ್ಟಿಕೊಂಡಿದ್ದರು. ಅಂಬೇಡ್ಕರ್ ಬೌದ್ಧ ಧರ್ಮ ಸ್ವೀಕರಿಸಿದ್ದು 1956ರಲ್ಲಿ ಎಂಬುದನ್ನು ನೆನೆದರೆ ಈ ಗಣಿ ಕಾರ್ಮಿಕರು ಎಷ್ಟು ಮುಂದಿದ್ದರು ಎಂದು ತಿಳಿಯುತ್ತದೆ. ಅಂಬೇಡ್ಕರರೂ 1954ರಲ್ಲಿ ಇಲ್ಲಿಗೆ ಬಂದಿದ್ದರು. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಂಪನಿ ಹೇಳಿದಾಗ 1930ರಲ್ಲಿ ಇಡೀ ಗಣಿ ಕೆಲಸ ನಿಲ್ಲಿಸಿತು. ನಾವೇನು ಕಳ್ಳರೇ ಎಂಬುದು ಆ ಮುಷ್ಕರದ ಪ್ರಶ್ನೆಯಾಗಿತ್ತು. ಕರ್ನಾಟಕದ ವಿಧಾನಸಭೆಗೆ ಕಮ್ಯುನಿಸ್ಟರನ್ನು, ರಿಪಬ್ಲಿಕನ್ ಪಕ್ಷದವರನ್ನು, ಅಣ್ಣಾ ಡಿಎಂಕೆಯವರನ್ನು ಆರಿಸಿ ಕಳಿಸಿದ ಕ್ಷೇತ್ರ ಇದು. ಇಂಥ ಇನ್ನೊಂದು ಕ್ಷೇತ್ರ ರಾಜ್ಯದಲ್ಲಿ ನನಗೆ ಕಾಣದು. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಒಂದೇ ಅಂಗಡಿಯವರು ಗಿರಾಕಿಗೆ ತಕ್ಕಂತೆ ತಮಿಳು, ತೆಲುಗು, ಕನ್ನಡ, ಉರ್ದು, ಇಂಗ್ಲಿಷ್ ತಿರುವುತ್ತಾರೆ. ಕನ್ನಡದ ಊರೇ ಅಲ್ಲ ಎಂದು ಮೂಗು ಮುರಿಯುವವರನ್ನು ನಾನು ಕಂಡಿದ್ದೇನೆ. ಕನ್ನಡ ನಾಡಿನ ಬೊಕ್ಕಸವನ್ನು ಮೂರು ತಲೆಮಾರು ತುಂಬಿಸಿದವರಿಗೆ ಆ ಮಾತು ಹೇಳಬಾರದು.

ಈ ಗಣಿಯ ಇನ್ನೊಂದು ಸಂಪತ್ತು ಚಿನ್ನದಷ್ಟು ಹೆಸರಾಗಲಿಲ್ಲ. ಬಾಹ್ಯಾಕಾಶದಿಂದ ಬರುವ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಕಣಗಳಲ್ಲಿ ನ್ಯೂಟ್ರಿನೊ ಒಂದು. ಅದು ಬಹುತೇಕ ಯಾವುದಕ್ಕೂ ತಾಗದೆ ಭೂಮಿಯನ್ನೇ ತೂರಿಹೋಗುತ್ತದೆ. ಹಿಡಿಯಬೇಕಾದರೆ ಬೇರೆ ಕಣಗಳ ಗದ್ದಲ ಇಲ್ಲದ ಜಾಗ ಬೇಕು. ಎರಡು ಕಿಲೋಮೀಟರಿಗೂ ಹೆಚ್ಚು ಬಂಡೆಯ ಜರಡಿ ಎಲ್ಲಿದೆ? ಕೋಲಾರದಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಜೋಡಿಸಿದವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ವರ್ಷ ಸಿಕ್ಕಿತು. ಪ್ರಕಟಣೆಯಲ್ಲಿ ಕೋಲಾರ ಮುಂದಿತ್ತು. ಆ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಂಜನಗೂಡಿನವರು. ನಮ್ಮ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವ ಮೇಷ್ಟ್ರುಗಳು ಕಮ್ಮಸಂದ್ರದ ಕೋಟಿಲಿಂಗೇಶ್ವರದ 108 ಅಡಿ ಲಿಂಗ ತೋರಿಸಿ ಹಿಂತಿರುಗುತ್ತಾರೆ. ಲಿಂಗ ನೋಡಲಿ. ಅಲ್ಲಿಂದ ಕೆಲವೇ ಕಿಲೋಮೀಟರಿನಲ್ಲಿ ಚಾಂಪಿಯನ್ ರೀಫ್ಸ್. ನಾವು ನಿಂತ ನೆಲದ ಕೆಳಗೆ ಹೀಗೊಂದು ನಡೆಯಿತು ಎಂದು ಅಲ್ಲಿ ನಿಲ್ಲಿಸಿ ಎರಡು ಮಾತು ಹೇಳಿದರೆ ಆ ಮಕ್ಕಳಲ್ಲಿ ಒಬ್ಬರಿಗಾದರೂ ಅದು ನಾಟದೆ ಇರದು.

ಗಣಿ ಏಕೆ ಮುಚ್ಚಿತು ಎಂದು ಕೇಳಿದರೆ ಚಿನ್ನ ಮುಗಿಯಿತು ಎನ್ನುತ್ತಾರೆ. ಪೂರ್ತಿ ಸತ್ಯವಲ್ಲ. ಮೊದಲ ದಶಕಗಳಲ್ಲಿ ಟನ್ ಅದಿರಿಗೆ ಹತ್ತಾರು ಗ್ರಾಂ ಸಿಗುತ್ತಿದ್ದದ್ದು ಕೊನೆಗೆ ಮೂರು ನಾಲ್ಕು ಗ್ರಾಮಿಗೆ ಇಳಿದದ್ದು ಹೌದು. ಇನ್ನೊಂದು ಕಾರಣವೂ ಇದೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ತೆಗೆದುಕೊಂಡಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. ಚಿನ್ನವನ್ನು ಸರ್ಕಾರ ಪಡೆದದ್ದು ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ; ಆ ದರ 1971ರವರೆಗೂ ಔನ್ಸಿಗೆ 35 ಡಾಲರ್. ಹೊರಗಿನ ಚಿನಿವಾರ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಹೀಗೆ ತೆಗೆದ ಚಿನ್ನಕ್ಕೆ ಸಿಗಬೇಕಾದ ಬೆಲೆ ಕೊಡದೆ, ನಷ್ಟದ ಗಣಿ ಎಂಬ ಹಣೆಪಟ್ಟಿಯನ್ನು ಮಾತ್ರ ಕೊಟ್ಟರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಲೋಕದ ಪೇಟೆಯಲ್ಲಿ ಚಿನ್ನ ಔನ್ಸಿಗೆ 270 ಡಾಲರಿನ ಆಸುಪಾಸಿನಲ್ಲಿ, ಎರಡು ದಶಕಗಳ ತಳದಲ್ಲಿ ಬಿದ್ದಿತ್ತು. 2024ರಲ್ಲಿ ಅದು 2,000 ಡಾಲರ್ ದಾಟಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಚಿನ್ನದ ಗಣಿ ಈಗಲೂ ನಡೆಯುತ್ತಿದೆ. ಒಂದನ್ನು ಉಳಿಸಿಕೊಂಡ ನಾಡಿಗೆ ಇನ್ನೊಂದರ ಜನರನ್ನಾದರೂ ಉಳಿಸಿಕೊಳ್ಳಲು ಸಾಧ್ಯವಿತ್ತು.

ಜನ ಊರು ಬಿಡಲಿಲ್ಲ. ಮಾರಿಕುಪ್ಪಂನಿಂದ ನಸುಕಿಗೆ ಹೊರಡುವ ರೈಲು ಹತ್ತಿ ಬೆಂಗಳೂರಿಗೆ ಬಂದು, ಕಾವಲು ಕಾಯ್ದು, ಗಾರ್ಮೆಂಟ್ಸಿನಲ್ಲಿ ಹೊಲಿದು, ಆಸ್ಪತ್ರೆಯಲ್ಲಿ ದಾದಿಯರಾಗಿ, ಐಟಿ ಕಂಪನಿಯಲ್ಲಿ ಕುಳಿತು, ಕತ್ತಲಾದ ಮೇಲೆ ಅದೇ ರೈಲಿನಲ್ಲಿ ಮನೆ ಸೇರುತ್ತಾರೆ. ಸೀಟು ಸಿಗದವರು ಎರಡು ಸೀಟಿನ ನಡುವೆ ಪತ್ರಿಕೆ ಹಾಸಿ ಕೂರುತ್ತಾರೆ. ಒಂದು ಬೋಗಿಯಲ್ಲಿ ಭಜನೆ, ಇನ್ನೊಂದರಲ್ಲಿ ಇಸ್ಪೀಟು, ಮೂಲೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿ. ಅವರ ಅಜ್ಜ ಕೇಜಿನಲ್ಲಿ ಇಳಿದು ಹತ್ತುತ್ತಿದ್ದ ಶಿಫ್ಟನ್ನು ಇವರು ಹಳಿಯ ಮೇಲೆ ಮುಂದುವರಿಸಿದ್ದಾರೆ. ಗಣಿಯ ಬಾಕಿ ಹಣಕ್ಕಾಗಿ, ಲೈನಿನ ಮನೆಯ ಹಕ್ಕಿಗಾಗಿ ಕಚೇರಿಗಳಿಗೆ ಅಲೆಯುತ್ತಲೇ ತಲೆ ನರೆಸಿಕೊಂಡವರೂ ಅದೇ ಲೈನುಗಳಲ್ಲಿದ್ದಾರೆ.

2018ರಲ್ಲಿ, 2022ರಲ್ಲಿ ಬಂದ ಕೆಜಿಎಫ್ ಸಿನಿಮಾಗಳಿಂದ ಊರಿನ ಹೆಸರು ಎಲ್ಲೆಡೆ ಹಬ್ಬಿತು. ಸೆಟ್ ಹಾಕಿದ್ದು ಇದೇ ಸೈನೈಡ್ ಗುಡ್ಡಗಳ ನಡುವೆ. ಈಗ ಹುಡುಗರು ಗುಡ್ಡ ಹತ್ತಿ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಬರಲಿ. ಆದರೆ ಸಿನಿಮಾದ ಲೋಕ ಕಲ್ಪನೆಯದು, ಅಲ್ಲಿನ ಗುಲಾಮರಂತಲ್ಲದೆ ಇಲ್ಲಿನವರು ಸಂಘ ಕಟ್ಟಿ, ಓದಿ, ಚುನಾವಣೆ ಗೆದ್ದು ಬಾಳಿದವರು. ಗುಡ್ಡದ ಅಂಚು ಕುಸಿಯುವಂಥದ್ದು, ದೂಳು ಎದೆಗೆ ಕೆಟ್ಟದ್ದು, ರಸ್ತೆಯಿಂದಲೇ ನೋಡಿ. ಶಾಫ್ಟುಗಳ ಸುತ್ತ ಬೇಲಿ ಇದೆ, ಒಳಗೆ ಪ್ರವೇಶವಿಲ್ಲ. ಕಾಣುವ ಉಕ್ಕಿನ ಗೋಪುರಗಳನ್ನು, ಚರ್ಚುಗಳನ್ನು, ಪೇಟೆಯನ್ನು ಕಾಲ್ನಡಿಗೆಯಲ್ಲಿ ನೋಡಿ. ಲೈನಿನಲ್ಲಿ ಹಿರಿಯರೊಬ್ಬರು ಕೂತಿದ್ದರೆ ನಮಸ್ಕಾರ ಹೇಳಿ ಮಾತಾಡಿಸಿ. ಕ್ಯಾಮೆರಾ ಆಮೇಲೆ.

ಕಾರ್ನ್‌ವಾಲ್‌ನ ಮುಚ್ಚಿದ ಗಣಿಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಜಪಾನಿನ ಸಾದೊ ದ್ವೀಪದ ಚಿನ್ನದ ಗಣಿ 2024ರಲ್ಲಿ ಸೇರಿತು. ನಮೀಬಿಯದ ಮರಳಿನಲ್ಲಿ ಹೂತುಹೋಗುತ್ತಿರುವ ಕೋಲ್ಮನ್ಸ್‌ಕಾಪ್ ಎಂಬ ವಜ್ರದ ಊರು 1956ರಲ್ಲೇ ಖಾಲಿಯಾಯಿತು, ಅದನ್ನು ನೋಡಲು ಜನ ದೇಶ ದಾಟಿ ಹೋಗುತ್ತಾರೆ. ನಮ್ಮದು ಖಾಲಿಯಾಗದ ಊರು. ಇಲ್ಲಿ ವಸ್ತುಸಂಗ್ರಹಾಲಯ ಆಗುವುದಾದರೆ ಅದನ್ನು ನಡೆಸಬೇಕಾದವರು, ದಾರಿ ತೋರಿಸಿ ಸಂಬಳ ಪಡೆಯಬೇಕಾದವರು ಲೈನಿನ ಮಕ್ಕಳೇ.

ಆದರೆ ಸದ್ಯಕ್ಕೆ ಸರ್ಕಾರಗಳ ಕಣ್ಣು ಇರುವುದು ಪುಡಿಯ ಮೇಲೆ. ಆ 13 ಗುಡ್ಡಗಳನ್ನು ಮತ್ತೆ ತೋಡಿ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿತು. ಜಾಗ ಸಾವಿರ ಎಕರೆಗೂ ಸ್ವಲ್ಪ ಹೆಚ್ಚು. ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಚಿನ್ನವಿದ್ದರೂ ಈಗಿನ ಬೆಲೆಗೆ, ಈಗಿನ ತಂತ್ರಕ್ಕೆ ಅದು ಲಾಭವೇ. ಕೆಲಸ ನಡೆಯುವುದನ್ನು ನಾನು ವಿರೋಧಿಸುವುದಿಲ್ಲ. ಊರಿಗೆ ಉದ್ಯೋಗ ಬೇಕು, ಗುಡ್ಡ ಸರಿದರೆ ದೂಳೂ ಸರಿಯಬಹುದು. ಆದರೆ ಜೆಸಿಬಿ ಬರುವ ಮುನ್ನ ಕೆಲವು ಮಾತು ಬರವಣಿಗೆಯಲ್ಲಿ ಆಗಬೇಕು. ಅಗೆಯುವಾಗ ಏಳುವ ದೂಳಿಗೆ ಯಾರು ಹೊಣೆ, ಅರೆದ ಮೇಲೆ ಉಳಿಯುವ ಪುಡಿಯನ್ನು ಎಲ್ಲಿ ಹಾಕುತ್ತಾರೆ, ಬೇಕಾಗುವ ನೀರನ್ನು ಯಾವ ಕೆರೆಯಿಂದ ತರುತ್ತಾರೆ, ಕೆಲಸ ಯಾರ ಮನೆಯ ಮಕ್ಕಳಿಗೆ, ಬಾಕಿ ಹಣ ಯಾವತ್ತು, ಮನೆಯ ಪತ್ರ ಯಾರ ಹೆಸರಿಗೆ. ಕೆಜಿಎಫ್‌ನ ಲೈನುಗಳಲ್ಲಿ ಈ ಪ್ರಶ್ನೆಗಳನ್ನು ಕೇಳುತ್ತಿರುವವರ ಜೊತೆ ಹೊಸಕೋಟೆ, ದೇವನಹಳ್ಳಿಯವರೂ ದನಿ ಸೇರಿಸಬೇಕು. ಹಿಂತಿರುಗುವಾಗ ಬೇತಮಂಗಲದ ಕೆರೆ ಏರಿಯ ಮೇಲೆ ಹತ್ತು ನಿಮಿಷ ನಿಂತು, ಅಲ್ಲಿಂದ ಎಕ್ಸ್‌ಪ್ರೆಸ್‌ವೇ ಹತ್ತಿದರೆ ಒಂದು ಗಂಟೆಯೊಳಗೆ ಹೊಸಕೋಟೆ.